ಐಡಲ್ ಮೊಮೆಂಟ್ಸ್ ಕೆಲಸಕ್ಕಲ್ಲ ಸ್ವಾಮಿ

ಮೊನ್ನೆ ಆಫೀಸಲ್ಲಿ ಪಕ್ಕದ ಸೀಟಿನ ಹುಡುಗ ತನ್ನ ಹೆಡ್‌ಫೋನ್ ತೆಗೆದು ಕೊಟ್ಟ. 'ಕೋಡ್ ಬರೆಯುವಾಗ ಹಾಕ್ಕೊಳ್ಳಿ ಸಾರ್, ಒಂಚೂರೂ ಡಿಸ್ಟರ್ಬ್ ಆಗಲ್ಲ.' ಕೇಳಿದರೆ ಗ್ರಾಂಟ್ ಗ್ರೀನ್! 'ಐಡಲ್ ಮೊಮೆಂಟ್ಸ್' ಆಲ್ಬಂನ ಟೈಟಲ್ ಟ್ರ್ಯಾಕು. ಏಕಾಗ್ರತೆ ಹೆಚ್ಚಿಸೋ ಪ್ಲೇಲಿಸ್ಟಂತೆ. ಬಿಡುವಿನ ಗಳಿಗೆ ಅಂತ ಹೆಸರಿಟ್ಟ ಟ್ಯೂನನ್ನ ಡೆಡ್‌ಲೈನ್ ಮುಟ್ಟೋಕೆ ಬಳಸೋ ನಮ್ಮಂಥ ಜನ ಇನ್ನೆಲ್ಲಿದ್ದಾರೆ ಹೇಳಿ?

ಅದು ರೆಕಾರ್ಡ್ ಆದ ಕಥೆಯಾದ್ರೂ ಗೊತ್ತಿರಬೇಕಿತ್ತು. 1963ರ ನವೆಂಬರ್, ನ್ಯೂಜೆರ್ಸಿಯ ರೂಡಿ ವ್ಯಾನ್ ಗೆಲ್ಡರ್ ಸ್ಟುಡಿಯೋ. ಟ್ಯೂನ್ ಬರೆದದ್ದು ಪಿಯಾನೋದ ಡ್ಯೂಕ್ ಪಿಯರ್ಸನ್. ಒಂದು ಸುತ್ತು ಅಂದ್ರೆ ಎಷ್ಟು ಬಾರ್ ಅನ್ನೋದ್ರಲ್ಲೇ ಗೊಂದಲವಾಗಿ, ಎಲ್ಲರೂ ಅಂದುಕೊಂಡದ್ದರ ಎರಡರಷ್ಟು ನುಡಿಸಿಬಿಟ್ರು. ಟ್ರ್ಯಾಕು ಸುಮಾರು 15 ನಿಮಿಷಕ್ಕೆ ಹೋಯ್ತು. ಎಲ್‌ಪಿಯಲ್ಲಿ ಎರಡೂ ಬದಿ ಸೇರಿ ಜಾಗ ಇರೋದೇ 40 ನಿಮಿಷದ ಆಸುಪಾಸು. ಚಿಕ್ಕದಾಗಿ ಮತ್ತೆ ನುಡಿಸಿ ನೋಡಿದ್ರು, ಆ ಹದ ಸಿಗಲಿಲ್ಲ. ನಾವಾಗಿದ್ರೆ ಬಗ್ ಅಂತ ಟಿಕೆಟ್ ಹಾಕಿ ಸಂಜೆಯೊಳಗೆ ಕತ್ತರಿಸಿ ಹಾಕ್ತಿದ್ವಿ. ಬ್ಲೂ ನೋಟ್‌ನ ಆಲ್ಫ್ರೆಡ್ ಲಯನ್ ತಪ್ಪಾದ ಟೇಕನ್ನೇ ಇಟ್ಕೊಂಡು, ಅದಕ್ಕೆ ಜಾಗ ಮಾಡೋಕೆ 'ಜೀನ್ ಡಿ ಫ್ಲೂರ್' ಮತ್ತು 'ಜ್ಯಾಂಗೊ' ಎರಡನ್ನೂ ಗಿಡ್ಡ ಮಾಡಿ ಮತ್ತೆ ನುಡಿಸೋಕೆ ಹೇಳಿದ. ಸರಿಯಾಗಿದ್ದವು ಮೊಟಕಾದವು, ತಪ್ಪಾಗಿದ್ದು ಹಾಗೇ ಉಳೀತು.

ಮೆಲ್ಲಗಿದೆ, ಹಾಗಾಗಿ ಹಿನ್ನೆಲೆಗೆ ಸರಿ ಅನ್ನೋರಿಗೆ ನನ್ನ ಜಗಳ ಇಲ್ಲೇ. ಗ್ರೀನ್ ಸ್ಯಾಕ್ಸೊಫೋನಿನವರ ಥರ ಒಂದೊಂದೇ ಸ್ವರ ಎತ್ತಿಕೊಂಡು ಹೋಗೋ ಆಸಾಮಿ. ಕಾರ್ಡ್ ಒತ್ತಿ ಜಾಗ ತುಂಬೋದು ಅಪರೂಪ. ಒಂದು ಸ್ವರಕ್ಕೂ ಇನ್ನೊಂದಕ್ಕೂ ನಡುವೆ ಅವನು ಬಿಟ್ಟ ಜಾಗ ಕಿವಿಗೆ ಬೀಳದಿದ್ರೆ ಕೇಳಿದ್ದೇನು ಬಂತು? ಅವನದ್ದು, ಪಿಯರ್ಸನ್‌ದು ಮುಗಿದ ಮೇಲೆ ಜೋ ಹೆಂಡರ್ಸನ್ ಟೆನರ್ ಸ್ಯಾಕ್ಸ್ ಬರುತ್ತೆ, ಕೂಗದೆ, ಉಸಿರಿನ ಜೊತೆ. ಅಷ್ಟೊತ್ತು ಕಾದವನಿಗೆ ಮಾತ್ರ ಅದು ದಕ್ಕೋದು.

ನಾನೇನು ಸಾಚಾ ಅಲ್ಲ. ಮೂರು ವರ್ಷ ಇದನ್ನ ಕೋಡ್ ರಿವ್ಯೂಗೆ ಹಾಕ್ಕೊಂಡೋನೇ. ಹೆಂಡರ್ಸನ್ ಬಂದದ್ದು ಒಂದು ಸಲವೂ ಗೊತ್ತಾಗಿರಲಿಲ್ಲ. ಊರಿಗೆ ಹೋಗೋ ರಾತ್ರಿ ಬಸ್ಸಲ್ಲಿ ಲ್ಯಾಪ್‌ಟಾಪ್ ಚಾರ್ಜ್ ಮುಗಿದು, ಮಾಡೋಕೆ ಏನೂ ಇಲ್ಲದೆ ಕೇಳಿದೆ ನೋಡಿ, ನಾಚಿಕೆ ಆಯ್ತು. ಜಗಲಿ ಮೇಲೆ ಸುಮ್ಮನೆ ಕೂತಿರ್ತಿದ್ದ ಜನರ ಮಧ್ಯೆ ಬೆಳೆದೋನಿಗೆ, ಸುಮ್ಮನಿರೋದು ಹೇಗೆ ಅನ್ನೋದೇ ಮರೆತುಹೋಗಿತ್ತು. ಸಂಬಳ ಕೊಡೋರು ಎಂಟು ಗಂಟೆ ಕೇಳಿದ್ರು, ಕಿವಿಯನ್ನ ನಾವಾಗೇ ಕೊಟ್ವಿ.

ಹುಡುಗನಿಗೆ ಹೆಡ್‌ಫೋನ್ ವಾಪಸ್ ಕೊಟ್ಟು, 'ಲ್ಯಾಪ್‌ಟಾಪ್ ಮುಚ್ಚಿ ಒಂದ್ಸಲ ಪೂರ್ತಿ ಕೇಳು' ಅಂದೆ.

'ಹದಿನೈದು ನಿಮಿಷಾನಾ? ಸ್ಟ್ಯಾಂಡಪ್ ಇದೆ ಸಾರ್.'

'ಅದೂ ಹದಿನೈದೇ ನಿಮಿಷ ಕಣೋ' ಅಂದೆ.