ಬೆಲೆ ಇಳಿದರೂ ಹಸಿವು ಇಳಿಯದ ಕಾರುಗಳು

ಬ್ರಿಟನ್ನಿನಲ್ಲಿ ಕೈಯಲ್ಲಿ ನಾಲ್ಕು ಕಾಸು ಕೂಡಿಟ್ಟ ನಡುವಯಸ್ಸಿನ ಸಂಬಳದಾರನ ಮುಂದೆ ಇಂದು ಒಂದು ವಿಚಿತ್ರವಾದ ಆಯ್ಕೆ ಬಂದು ನಿಲ್ಲುತ್ತದೆ. ಸಾಧಾರಣವಾದ ಹೊಸ ಕಾರೊಂದಕ್ಕೆ ತೆರಬೇಕಾದ ಹಣದಲ್ಲಿಯೇ ಆತ ಬಳಸಿದ ಬೆಂಟ್ಲಿ ಕಾಂಟಿನೆಂಟಲ್ ಜಿಟಿಯನ್ನೋ, ಬಳಸಿದ ಆಸ್ಟನ್ ಮಾರ್ಟಿನ್ ಡಿಬಿ9 ಅನ್ನೋ ಮನೆಯ ಮುಂದೆ ತಂದು ನಿಲ್ಲಿಸಬಹುದು. ಒಂದು ಕಾಲಕ್ಕೆ ಸಿರಿವಂತರ ಅಂಗಳಕ್ಕಷ್ಟೇ ಮೀಸಲಾಗಿದ್ದ ಇಂತಹ ವಾಹನಗಳಿಗೆ ‘ಗ್ರ್ಯಾಂಡ್ ಟೂರಿಂಗ್’ ಕಾರುಗಳೆಂದು ಹೆಸರು. ಇಬ್ಬರು ಪ್ರಯಾಣಿಕರು, ಅವರ ಒಂದೆರಡು ಪೆಟ್ಟಿಗೆ, ದೂರದ ದಾರಿ, ಮಿತಿಮೀರಿದ ವೇಗ, ದಣಿವರಿಯದ ಸುಖ: ಇವುಗಳ ಸೃಷ್ಟಿಯ ಉದ್ದೇಶ ಇಷ್ಟೇ.

2003ರಲ್ಲಿ ಬೆಂಟ್ಲಿ ಕಾಂಟಿನೆಂಟಲ್ ಜಿಟಿ ಮಾರುಕಟ್ಟೆಗೆ ಬಂದಾಗ ಅದರ ಬೆಲೆ ಸುಮಾರು 1,10,000 ಪೌಂಡ್. ಹನ್ನೆರಡು ಸಿಲಿಂಡರಿನ ಆರು ಲೀಟರ್ ಎಂಜಿನ್, 550 ಅಶ್ವಶಕ್ತಿ, ಎರಡು ಟನ್ನಿಗೂ ಮೀರಿದ ತೂಕ, ಗಂಟೆಗೆ 300 ಕಿ.ಮೀ.ಗೂ ಮಿಕ್ಕಿದ ವೇಗ. ಮರುವರ್ಷವೇ ಬಂದ ಡಿಬಿ9 ಕೂಡ ಹನ್ನೆರಡು ಸಿಲಿಂಡರಿನದೇ. ಅಲ್ಯೂಮಿನಿಯಂ ಚೌಕಟ್ಟಿನಿಂದಾಗಿ ತೂಕ ತುಸು ಕಡಿಮೆ, 450 ಅಶ್ವಶಕ್ತಿ. ಇಂದು ಇವೆರಡರ ಆರಂಭದ ವರ್ಷಗಳ ಕಾರುಗಳು ಹೊಸದರ ಬೆಲೆಯ ಸಣ್ಣದೊಂದು ಪಾಲಿಗೆ ಮಾರಾಟಕ್ಕಿವೆ. ಆದುದರಿಂದಲೇ ಚರ್ಚೆ. ಬೆಂಟ್ಲಿಗೆ ನಾಲ್ಕೂ ಚಕ್ರಗಳಿಗೆ ಎಳೆತವಿದೆ, ಮಳೆಯಲ್ಲೂ ಹಿಮದಲ್ಲೂ ಜಾರದು ಎಂದು ಒಬ್ಬ. ಆಸ್ಟನ್ನಿನ ರೂಪಕ್ಕೂ ಎಂಜಿನ್ನಿನ ನಾದಕ್ಕೂ ಸಾಟಿಯಿಲ್ಲವೆಂದು ಇನ್ನೊಬ್ಬ. ಅನುಭವಸ್ಥರು ಇಬ್ಬರಿಗೂ ಒಂದೇ ಎಚ್ಚರಿಕೆ ಕೊಡುತ್ತಾರೆ: ಕಾರಿನ ಬೆಲೆ ಇಳಿದಿರಬಹುದು, ಸಾಕುವ ವೆಚ್ಚ ಇಳಿದಿಲ್ಲ. ಬೆಂಟ್ಲಿಯ ಇಕ್ಕಟ್ಟಾದ ಹೊಟ್ಟೆಯೊಳಗಿನ ಕೆಲವು ದುರಸ್ತಿಗಳಿಗೆ ಎಂಜಿನ್ನನ್ನೇ ಕೆಳಗಿಳಿಸಬೇಕು. ಬಿಡಿಭಾಗಗಳ ಬೆಲೆ ಲಕ್ಷ ಪೌಂಡಿನ ಕಾರಿನದೇ.

ಈ ಎಚ್ಚರಿಕೆ ಸರಿಯಾದದ್ದೇ, ಆದರೆ ಅರ್ಧಕ್ಕೇ ನಿಂತಿದೆ. ಬೆಲೆಯೊಡನೆ ಇಳಿಯದಿರುವುದು ಕೊಳ್ಳುಗನ ವೆಚ್ಚವೊಂದೇ ಅಲ್ಲ. ಲೋಕದ ಮೇಲೆ ಆ ಕಾರು ಹೊರಿಸುವ ಹೊರೆಯೂ ಇಳಿದಿಲ್ಲ. ಆಗ ಬಂದ ಆ ಎರಡೂ ಕಾರುಗಳು 100 ಕಿ.ಮೀ.ಗೆ ಸುಮಾರು 16-17 ಲೀಟರ್ ಪೆಟ್ರೋಲ್ ಕುಡಿಯುತ್ತವೆ. ಅಂದರೆ ಲೀಟರಿಗೆ ಆರು ಕಿಲೋಮೀಟರ್. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರುತ್ತದೆ. ಮೊದಲ ಒಡೆಯನ ಕೈಯಲ್ಲಿ ಹೇಗೋ, ಐದನೆಯ ಒಡೆಯನ ಕೈಯಲ್ಲೂ ಹಾಗೆಯೇ. ಬೆಂಟ್ಲಿಯೋ ಆಸ್ಟನ್ನೋ ಎಂಬ ಆಯ್ಕೆ ಕೊಳ್ಳುಗನಿಗೆ ದೊಡ್ಡದು. ಆ ಹೊಗೆಯನ್ನು ತಾಳಿಕೊಳ್ಳಬೇಕಾದ ಬೆಟ್ಟಕ್ಕೆ ಅದು ಆಯ್ಕೆಯೇ ಅಲ್ಲ.

ಬೆಟ್ಟದ ಹೆಗಲ ಮೇಲೆ ಮಹಾಪ್ರವಾಸ

ಬೆಟ್ಟದ ಮಾತು ಇಲ್ಲಿ ಸುಮ್ಮನೆ ಬಂದುದಲ್ಲ. ‘ಗ್ರ್ಯಾಂಡ್ ಟೂರ್’ ಎಂಬ ಹೆಸರು ಹುಟ್ಟಿದ್ದೇ ಬೆಟ್ಟ ದಾಟುವ ಯಾತ್ರೆಯಿಂದ. 17 ಮತ್ತು 18ನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ಸಿರಿವಂತ ಮನೆತನಗಳ ಯುವಕರು ವಿದ್ಯಾಭ್ಯಾಸದ ಕೊನೆಯ ಘಟ್ಟವೆಂಬಂತೆ ಫ್ರಾನ್ಸನ್ನು ಹಾದು, ಆಲ್ಪ್ಸ್ ಪರ್ವತವನ್ನೇರಿ ಇಳಿದು, ಇಟಲಿಯ ನಗರಗಳನ್ನು ಕಾಣಲು ಹೋಗುತ್ತಿದ್ದರು. ಮಾಂ ಸೆನಿ ಘಾಟಿಗೆ ಆಗ ಗಾಡಿದಾರಿ ಇರಲಿಲ್ಲ. ತಪ್ಪಲಿನ ಹಳ್ಳಿಯಲ್ಲಿ ಸಾರೋಟುಗಳನ್ನು ಬಿಚ್ಚಿ, ಭಾಗಗಳನ್ನು ಹೇಸರಗತ್ತೆಗಳ ಬೆನ್ನಿಗೆ ಹೇರಿ, ಪ್ರಯಾಣಿಕರನ್ನು ಕುರ್ಚಿಗಳಲ್ಲಿ ಕೂರಿಸಿ ಹಳ್ಳಿಗರೇ ಹೊತ್ತು ಆಚೆಗೆ ಇಳಿಸುತ್ತಿದ್ದರು. ಪ್ರವಾಸದ ಸುಖ ಒಬ್ಬನದು, ಅದರ ಭಾರ ಮತ್ತೊಬ್ಬನ ಹೆಗಲಿನದು.

19ನೆಯ ಶತಮಾನದಲ್ಲಿ ಗಾಡಿದಾರಿಗಳು ಬಂದವು. 1820ರಿಂದ 1825ರವರೆಗೆ ಆಸ್ಟ್ರಿಯಾ ಸಾಮ್ರಾಜ್ಯ ಕಟ್ಟಿಸಿದ ಸ್ಟೆಲ್ವಿಯೊ ಘಾಟಿಯ ದಾರಿ 2,757 ಮೀಟರ್ ಎತ್ತರಕ್ಕೆ ಏರುತ್ತದೆ. ಅದರ ಒಂದು ಮಗ್ಗುಲಲ್ಲೇ 48 ಹಿಮ್ಮುರಿ ತಿರುವುಗಳಿವೆ. ಸೈನ್ಯ ಸಾಗಿಸಲು ಕಟ್ಟಿದ ಆ ದಾರಿ ಇಂದು ಗ್ರ್ಯಾಂಡ್ ಟೂರಿಂಗ್ ಕಾರು ಕೊಂಡವರ ತೀರ್ಥಕ್ಷೇತ್ರ. ಹಳ್ಳಿಗರು ಹೊರುತ್ತಿದ್ದ ಕುರ್ಚಿ ಹೋಗಿ ಚರ್ಮದ ಹೊದಿಕೆಯ ಬಿಸಿಯಾಗುವ ಆಸನ ಬಂದಿದೆ. ಆದರೆ ಹೊರುವವರು ಬದಲಾಗಿಲ್ಲ. 2022 ಮತ್ತು 2023ರ ಎರಡೇ ವರ್ಷಗಳಲ್ಲಿ ಸ್ವಿಟ್ಜರ್ಲೆಂಡಿನ ಹಿಮನದಿಗಳು ತಮ್ಮ ಒಟ್ಟು ಗಾತ್ರದ ಹತ್ತನೆಯ ಒಂದು ಭಾಗವನ್ನು ಕಳೆದುಕೊಂಡವು. ಯಾವುದೋ ಒಂದು ಬೆಂಟ್ಲಿ ಆ ಹಿಮವನ್ನು ಕರಗಿಸಿತೆಂದು ಯಾರೂ ಹೇಳಲಾರರು. ಆದರೆ ಹನಿ ಹನಿ ಕೂಡಿಯೇ ಹಳ್ಳ.

‘ಹಳೆಯದನ್ನು ಕೊಂಡರೆ ತಪ್ಪೇನು?’

ಬಳಸಿದ ಕಾರಿನ ಪರವಾಗಿ ಒಂದು ವಾದವಿದೆ. ಪರಿಸರದ ಬಗ್ಗೆ ಕಾಳಜಿಯುಳ್ಳವರೂ ಅದಕ್ಕೆ ತಲೆದೂಗುತ್ತಾರೆ. ಕಾರು ಈಗಾಗಲೇ ತಯಾರಾಗಿದೆ. ಉಕ್ಕು, ಅಲ್ಯೂಮಿನಿಯಂ, ಚರ್ಮ ಎಲ್ಲವೂ ಎಂದೋ ಖರ್ಚಾಗಿವೆ. ಹೊಸದನ್ನು ಕೊಳ್ಳದೆ ಹಳೆಯದನ್ನು ಬಳಸುವುದು ಮರುಬಳಕೆಯಲ್ಲವೇ ಎಂಬುದು ಆ ವಾದ.

ಅಜ್ಜಿಯ ಕಾಲದ ಕಂಚಿನ ತಟ್ಟೆಗೆ, ಹಳೆಯ ಪುಸ್ತಕಕ್ಕೆ, ಮರದ ಪೆಟ್ಟಿಗೆಗೆ ಈ ಮಾತು ಪೂರ್ತಿ ಒಪ್ಪುತ್ತದೆ. ಅವು ಬಳಸಿದಷ್ಟೂ ಹೊಸದಾಗಿ ಏನನ್ನೂ ಕೇಳುವುದಿಲ್ಲ. ಉರಿಸುವ ವಸ್ತುವಿನ ಲೆಕ್ಕ ಬೇರೆ. ಮಲೆನಾಡಿನ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರ ಸೌದೆ ಉಳಿಸುವ ಒಲೆಯನ್ನು ರೂಪಿಸಿದಾಗ, ಹಳ್ಳಿಯ ಹೆಂಗಸರು ತಲೆತಲಾಂತರದ ಒಲೆಗಳನ್ನು ಒಡೆದು ಅದನ್ನು ಕಟ್ಟಿಸಿಕೊಂಡರು. ಹಳೆಯ ಒಲೆಯೂ ಈಗಾಗಲೇ ತಯಾರಾಗಿತ್ತು, ಅದಕ್ಕೆ ಕಾಸೂ ಬೇಕಿರಲಿಲ್ಲ. ಆದರೂ ಅದನ್ನು ಒಡೆದದ್ದು ಅದು ಕಾಡನ್ನು ತಿನ್ನುತ್ತಿತ್ತೆಂದು. ಬಡವರ ಒಲೆಗೆ ಅನ್ವಯಿಸಿದ ನ್ಯಾಯ ಹನ್ನೆರಡು ಸಿಲಿಂಡರಿನ ಒಲೆಗೆ ಏಕೆ ಅನ್ವಯಿಸಬಾರದು?

ಎರಡನೆಯದಾಗಿ, ಹಳೆಯ ಕಾರಿನ ಮಾರುಕಟ್ಟೆ ಹೊಸ ಕಾರಿನ ಮಾರುಕಟ್ಟೆಯಿಂದ ಪ್ರತ್ಯೇಕವಾಗಿ ನಿಂತಿಲ್ಲ. ಮೂರು ವರ್ಷ ಬಳಸಿ ಮಾರುವಾಗ ಒಳ್ಳೆಯ ಬೆಲೆ ಸಿಗುತ್ತದೆಂಬ ಧೈರ್ಯದ ಮೇಲೆಯೇ ಸಿರಿವಂತ ಹೊಸ ಕಾರಿಗೆ ಸಹಿ ಹಾಕುತ್ತಾನೆ. ಸಾಲ ಕೊಡುವವರ ಮಾಸಿಕ ಕಂತಿನ ಲೆಕ್ಕವೂ ಆ ಮರುಮಾರಾಟದ ಬೆಲೆಯನ್ನೇ ಅವಲಂಬಿಸಿದೆ. ಎರಡನೆಯ ಕೊಳ್ಳುಗ ಮೊದಲನೆಯವನ ಭೋಗಕ್ಕೆ ಜಾಮೀನು ನಿಂತಂತೆ, ಮೂರನೆಯವನು ಎರಡನೆಯವನಿಗೆ.

ಮೂರನೆಯ ವಾದ ಇವೆರಡಕ್ಕಿಂತ ಗಟ್ಟಿಯಾದದ್ದು. ಇಂತಹ ಕಾರು ವರ್ಷಕ್ಕೆ 3,000 ಕಿ.ಮೀ. ಓಡಿದರೆ ಹೆಚ್ಚು, ಆಗ ಅದು ಉಗುಳುವುದು ಸುಮಾರು 1.2 ಟನ್ ಇಂಗಾಲದ ಡೈ ಆಕ್ಸೈಡ್. ಕಿಲೋಮೀಟರಿಗೆ 120 ಗ್ರಾಂ ಉಗುಳುವ ಸಣ್ಣ ಕಾರು ವರ್ಷಕ್ಕೆ 15,000 ಕಿ.ಮೀ. ಓಡಿದರೆ 1.8 ಟನ್. ಹಾಗಾದರೆ ತಪ್ಪಿತಸ್ಥರು ಯಾರು ಎಂದು ಕಾರಿನ ಅಭಿಮಾನಿ ಕೇಳುತ್ತಾನೆ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ವರ್ಷಕ್ಕೆ 3,000 ಕಿ.ಮೀ. ಮಾತ್ರ ಓಡುವ ಕಾರು ಮನೆಯ ಏಕೈಕ ಕಾರಾಗಿರುವುದು ಅಪರೂಪ. ಆ 1.2 ಟನ್ ಸಾಮಾನ್ಯವಾಗಿ ಸಣ್ಣ ಕಾರಿನ ಬದಲಿಗೆ ಬರುವುದಿಲ್ಲ, ಅದರ ಮೇಲೆ ಬಂದು ಕೂರುತ್ತದೆ. 1991ರಲ್ಲಿಯೇ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದಿಂದ ಹೊರತಂದ ಕಿರುಹೊತ್ತಗೆಯಲ್ಲಿ ಬದುಕಿಗಾಗಿ ಹೊರಡುವ ಹೊಗೆಯನ್ನೂ ಭೋಗಕ್ಕಾಗಿ ಹೊರಡುವ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದೆಂದು ವಾದಿಸಿದರು. ಹಾಲಿನ ಕ್ಯಾನುಗಳನ್ನೂ ಶಾಲೆಯ ಮಕ್ಕಳನ್ನೂ ಹೊತ್ತು ಘಾಟಿಯೇರುವ ಹಳೆಯ ಜೀಪಿನ ಹೊಗೆ ಒಂದು. ತಿರುವಿನ ರೋಮಾಂಚಕ್ಕಾಗಿ ಘಾಟಿಯೇರಿ ಬರಿದೇ ಇಳಿಯುವ ಕಾರಿನ ಹೊಗೆ ಇನ್ನೊಂದು. ಮೊದಲನೆಯದಕ್ಕೆ ಬದಲಿ ದಾರಿ ಹುಡುಕಿಕೊಡುವುದು ಸಮಾಜದ ಹೊಣೆ. ಎರಡನೆಯದನ್ನು ಕೈಬಿಟ್ಟರೆ ಯಾರ ಊಟವೂ ತಪ್ಪುವುದಿಲ್ಲ.

ಕಾನೂನಿನ ಕಣ್ಣುಮುಚ್ಚಾಲೆ

ಸರ್ಕಾರಗಳು ಇದನ್ನು ಕಾಣುತ್ತಿಲ್ಲವೇ? ಕಾಣುತ್ತವೆ, ಕಂಡು ಕಣ್ಣು ಹೊರಳಿಸುತ್ತವೆ. ಬ್ರಿಟನ್ನಿನಲ್ಲಿ 2001ರಿಂದ 2017ರವರೆಗೆ ನೋಂದಣಿಯಾದ ಕಾರುಗಳ ವಾರ್ಷಿಕ ತೆರಿಗೆ ಅವು ಉಗುಳುವ ಹೊಗೆಯ ಪ್ರಮಾಣವನ್ನು ಅವಲಂಬಿಸಿದೆ. ಆದರೆ 2006ರ ಮಾರ್ಚ್ 23ಕ್ಕೆ ಮುನ್ನ ನೋಂದಣಿಯಾದ ಕಾರು ಎಷ್ಟೇ ಹೊಗೆ ಉಗುಳಿದರೂ ಅದರ ತೆರಿಗೆ ಒಂದು ದರ್ಜೆಯನ್ನು ಮೀರುವುದಿಲ್ಲ. ಹೀಗಾಗಿ ಒಂದೇ ಎಂಜಿನ್, ಒಂದೇ ಹೊಗೆಯ 2005ರ ಕಾರಿಗೂ 2007ರ ಕಾರಿಗೂ ವರ್ಷಕ್ಕೆ ಮುನ್ನೂರು ಪೌಂಡಿಗೂ ಮಿಕ್ಕಿದ ತೆರಿಗೆಯ ಅಂತರ. ಜಾಣ ಕೊಳ್ಳುಗ ಹಳೆಯದನ್ನೇ ಹುಡುಕುತ್ತಾನೆ. ಹೊಗೆಯನ್ನು ತಡೆಯಬೇಕಾದ ತೆರಿಗೆಯೇ ಹೆಚ್ಚು ಹಳೆಯ ಹೊಗೆಯ ಕಡೆಗೆ ದಾರಿ ತೋರಿಸುತ್ತಿದೆ.

ಅದೇ ಸರ್ಕಾರ 2030ರಿಂದ ಕೇವಲ ಪೆಟ್ರೋಲ್ ಅಥವಾ ಡೀಸೆಲ್‌ನಿಂದ ಓಡುವ ಹೊಸ ಕಾರುಗಳ ಮಾರಾಟವನ್ನು ನಿಲ್ಲಿಸುವುದಾಗಿ ಹೇಳಿದೆ. ಆದರೆ 2025ರ ಏಪ್ರಿಲ್‌ನಲ್ಲಿ ಆಸ್ಟನ್ ಮಾರ್ಟಿನ್, ಮ್ಯಾಕ್‌ಲಾರೆನ್‌ನಂತಹ ಸಣ್ಣ ಪ್ರಮಾಣದ ತಯಾರಕರಿಗೆ ವಿನಾಯಿತಿಯನ್ನೂ ಘೋಷಿಸಿತು. ಶಾಲೆಯ ಶಿಕ್ಷಕಿ ಕಾರು ಬದಲಿಸಬೇಕು, ಹನ್ನೆರಡು ಸಿಲಿಂಡರಿನ ಒಡೆಯ ಬದಲಿಸಬೇಕಾಗಿಲ್ಲ ಎಂಬುದು ಇದರ ತಾತ್ಪರ್ಯ. ಬೆಂಟ್ಲಿ ತನ್ನ ಹನ್ನೆರಡು ಸಿಲಿಂಡರಿನ ಎಂಜಿನ್ನಿನ ತಯಾರಿಕೆಯನ್ನು 2024ರಲ್ಲಿ ನಿಲ್ಲಿಸಿತು. ಅಷ್ಟರಲ್ಲಿ ಒಂದು ಲಕ್ಷಕ್ಕೂ ಮಿಕ್ಕಿದ ಎಂಜಿನ್ನುಗಳು ಕಾರ್ಖಾನೆಯಿಂದ ಹೊರಬಿದ್ದಿದ್ದವು. ಹೊಸದು ನಿಂತಿತೆಂದು ಸಂಭ್ರಮಿಸುವವರು ಹಳೆಯವು ಕೈಯಿಂದ ಕೈಗೆ ದಾಟುತ್ತಾ ಇನ್ನೂ ದಶಕಗಳ ಕಾಲ ಉರಿಯಬಲ್ಲವೆಂಬುದನ್ನು ಮರೆಯುತ್ತಾರೆ.

ಬೆಟ್ಟದವರು ಕೇಳಿದ ಪ್ರಶ್ನೆ

ಈ ಕಥೆಯಲ್ಲಿ ಬೆಟ್ಟದವರು ಬರೀ ಹೊರುವವರಾಗಿಯೇ ಉಳಿದವರಲ್ಲ. ಸ್ವಿಟ್ಜರ್ಲೆಂಡಿನ ಗ್ರೌಬ್ಯೂಂಡೆನ್ ಪ್ರಾಂತ್ಯ ಘಾಟಿಗಳ ನಾಡು. 1900ರಲ್ಲಿ ಆ ಪ್ರಾಂತ್ಯ ತನ್ನ ರಸ್ತೆಗಳಲ್ಲಿ ಮೋಟಾರು ಕಾರುಗಳನ್ನು ನಿಷೇಧಿಸಿತು. ದಾರಿಗಳು ಕಿರಿದು, ಕುದುರೆಗಳು ಬೆದರುತ್ತವೆ, ಧೂಳು ಏಳುತ್ತದೆ, ನಡೆಯುವವರಿಗೂ ದನಕರುಗಳಿಗೂ ಅಪಾಯ ಎಂಬುದು ಹಳ್ಳಿಗರ ವಾದ. ಹೋಟೆಲಿನವರ ಒತ್ತಾಯದ ನಡುವೆಯೂ ಜನ ಮತ್ತೆ ಮತ್ತೆ ಮತ ಹಾಕಿ ನಿಷೇಧವನ್ನು ಎತ್ತಿಹಿಡಿದರು. ಪ್ರಾಂತ್ಯವನ್ನು ದಾಟಬೇಕಾದ ಕಾರನ್ನು ಕುದುರೆ ಕಟ್ಟಿ ಎಳೆಸಿದ್ದೂ ಉಂಟು. 1925ರ ಜೂನ್ 21ರ ಮತದಾನದಲ್ಲಿ ಮಾತ್ರ ಜನ ಕಾರಿಗೆ ಒಪ್ಪಿಗೆ ಕೊಟ್ಟರು. ಆ ಕಾಲು ಶತಮಾನದಲ್ಲಿ ಅಲ್ಲಿ ಬದುಕೇನೂ ನಿಲ್ಲಲಿಲ್ಲ. ಅಲ್ಬುಲಾ ಮತ್ತು ಬರ್ನಿನಾ ಬೆಟ್ಟದ ರೈಲುಮಾರ್ಗಗಳು ಸಿದ್ಧವಾದದ್ದು ಆ ಅವಧಿಯಲ್ಲಿಯೇ. ಅವು ಇಂದಿಗೂ ಓಡುತ್ತಿವೆ. 2008ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿದವು. ಇಟಲಿಯ ಡೊಲೊಮೈಟ್ ಬೆಟ್ಟಸಾಲಿನಲ್ಲಿ 2017ರ ಬೇಸಿಗೆಯಲ್ಲಿ ಸೆಲ್ಲಾ ಘಾಟಿಯನ್ನು ವಾರಕ್ಕೊಂದು ದಿನ ಹಗಲಿನ ಕೆಲವು ಗಂಟೆ ಮೋಟಾರು ವಾಹನಗಳಿಗೆ ಮುಚ್ಚಲಾಗಿತ್ತು.

ಗ್ರೌಬ್ಯೂಂಡೆನ್ ಕಾರನ್ನು ಶಾಶ್ವತವಾಗಿ ತಡೆಯಿತೋ ಇಲ್ಲವೋ ಎಂಬುದು ಇಲ್ಲಿ ಮುಖ್ಯವಲ್ಲ. ಘಾಟಿಯ ದಾರಿ ಯಾರದು, ಯಾರ ಅನುಕೂಲಕ್ಕೆ, ಯಾರ ಒಪ್ಪಿಗೆಯಿಂದ ಎಂಬ ಪ್ರಶ್ನೆಯನ್ನು ಅಲ್ಲಿನ ಜನ ಕೇಳಿದರು, ಮತ ಹಾಕಿ ಉತ್ತರಿಸಿದರು. ಈ ಪ್ರಶ್ನೆ ದಕ್ಷಿಣದ ಘಟ್ಟಗಳಿಗೂ ಹೊಸದಲ್ಲ. ಬಂಡೀಪುರದ ಕಾಡಿನ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನಗಳಿಗೆ ನಿರ್ಬಂಧ ಬಂದದ್ದು 2009ರಲ್ಲಿ. ಮದರಾಸು ಹೈಕೋರ್ಟಿನ ಆದೇಶದಂತೆ ನೀಲಗಿರಿಗೆ ಹೋಗುವ ಪ್ರವಾಸಿ ವಾಹನಗಳಿಗೆ 2024ರ ಮೇ 7ರಿಂದ ಇ-ಪಾಸ್ ಕಡ್ಡಾಯವಾಯಿತು. 2025ರ ಏಪ್ರಿಲ್‌ನಲ್ಲಿ ವಾರದ ದಿನಗಳಿಗೆ 6,000, ವಾರಾಂತ್ಯಕ್ಕೆ 8,000 ಎಂಬ ಮಿತಿ ಬಂತು. ಬೆಟ್ಟಕ್ಕೆ ತಾಳಿಕೆಯ ಮಿತಿಯೊಂದಿದೆ ಎಂಬುದನ್ನು ನ್ಯಾಯಾಲಯಗಳೂ ಒಪ್ಪಿವೆ.

ಆದರೆ ನ್ಯಾಯಾಲಯದ ಆದೇಶಕ್ಕಿಂತ ಆಳವಾಗಿ ಇಳಿಯುವುದು ಮನಸ್ಸಿನ ಆಸೆ. ಮಲೆನಾಡಿನ ಕಾಲೇಜಿನ ಹುಡುಗ ಮೊಬೈಲಿನಲ್ಲಿ ಸ್ಟೆಲ್ವಿಯೊ ಘಾಟಿಯ ತಿರುವುಗಳಲ್ಲಿ ಗರ್ಜಿಸುವ ಕಾರನ್ನು ಕಂಡು ಮರುಳಾಗುತ್ತಾನೆ. ತನ್ನ ಊರಿನ ಘಾಟಿಯೂ ಅಷ್ಟೇ ಅಗಲವಾಗಲಿ, ನುಣುಪಾಗಲಿ ಎಂದು ಬಯಸುತ್ತಾನೆ. ಆ ಅಗಲಕ್ಕಾಗಿ ಕಡಿಯಬೇಕಾದದ್ದು ತನ್ನ ತೋಟದ ಮೇಲಿನ ಗುಡ್ಡವೆಂಬುದು ಆ ವಿಡಿಯೊದಲ್ಲಿ ಕಾಣುವುದಿಲ್ಲ. ಕೊಳ್ಳುಬಾಕ ಸಂಸ್ಕೃತಿಯ ಜಾಣ್ಮೆಯೇ ಅದು. ಹಿಂದೆ ಸಿರಿವಂತನಿಗೆ ಮಾತ್ರ ಇದ್ದ ಆಸೆಯನ್ನು ಅದು ಸೆಕೆಂಡ್ ಹ್ಯಾಂಡ್ ಬೆಲೆಗೆ ಎಲ್ಲರಿಗೂ ಹಂಚುತ್ತದೆ, ಸಮಾನತೆ ಬಂತೆಂದು ಬೀಗುತ್ತದೆ. ಸಿರಿವಂತನ ದುಂದು ಅಗ್ಗವಾದರೆ ಸಮಾನತೆ ಬರುವುದಿಲ್ಲ, ದುಂದಿನ ಪಾಲುದಾರರು ಹೆಚ್ಚುತ್ತಾರೆ ಅಷ್ಟೇ.

ಬೆಂಟ್ಲಿಯೋ, ಆಸ್ಟನ್ ಮಾರ್ಟಿನ್ನೋ? ಕೊಳ್ಳುಗನ ತಕ್ಕಡಿಯಲ್ಲಿ ಎರಡೇ ತಟ್ಟೆಗಳಿವೆ. ಅದನ್ನು ಹಿಡಿದು ನಿಂತ ನೆಲಕ್ಕೂ ಒಂದು ಮಾತು ಹೇಳುವ ಹಕ್ಕಿದೆ. ಹಿಂದೆ ಮಾಂ ಸೆನಿಯ ಹಳ್ಳಿಗರು ಕೂಲಿ ಪಡೆದು ಹೊತ್ತರು. ಇಂದು ಬೆಟ್ಟದ ಹಳ್ಳಿಗರು ಕೂಲಿಯೂ ಇಲ್ಲದೆ ಹೊರುತ್ತಿದ್ದಾರೆ. ಎರಡೂ ಬೇಡವೆಂದು ಹೇಳುವ ಕೊಳ್ಳುಗ ಅಪರೂಪ. ಹಾಗೆ ಹೇಳಬಲ್ಲ ಬೆಟ್ಟದ ಜನ ಅಪರೂಪವಾಗದಿರಲಿ.