‘ಜಿ’ ಸಾಲದು, 70 ದಾಟಬೇಕು

ಎಸ್‌ಎಂಎಸ್ ಕಳುಹಿಸುವವರ ಹೆಸರಿನ ತುದಿಗೆ ಪಿ, ಎಸ್, ಟಿ, ಜಿ ಎಂದು ಬಾಲ ಅಂಟಿಸಿದ ದೂರಸಂಪರ್ಕ ನಿಯಂತ್ರಕ ಟ್ರಾಯ್‌ಗೆ ಶಹಬ್ಬಾಸ್ ಹೇಳುವವರು ಇನ್ನೂ ಸುಸ್ತಾಗಿಲ್ಲ. 2025ರ ಫೆಬ್ರುವರಿ 12ರ ತಿದ್ದುಪಡಿಯಿಂದಾಗಿ ಜಾಹೀರಾತು (ಪಿ) ಯಾವುದು, ಸರ್ಕಾರದ ಸಂದೇಶ (ಜಿ) ಯಾವುದು ಎಂದು ನೋಡಿದೊಡನೆ ತಿಳಿಯುತ್ತದೆ, ಒಪ್ಪೋಣ. ಅದರ ಬೆನ್ನಿಗೇ ಅಂಕಣಗಳಲ್ಲಿ ಇನ್ನೊಂದು ಉಪದೇಶ: ಬೇಡದ ವಾಟ್ಸ್‌ಆ್ಯಪ್ ಗ್ರೂಪ್ ಮ್ಯೂಟ್ ಮಾಡಿ, ಬೇಕಾದ್ದನ್ನು ಪಿನ್ ಮಾಡಿ, ನೆಮ್ಮದಿಯಾಗಿರಿ. ಸಿಂಧನೂರು, ಲಿಂಗಸುಗೂರು, ಮಸ್ಕಿಯ ರೈತರ ಮಟ್ಟಿಗೆ ಎರಡೂ ತಪ್ಪು ಕಡೆ ಹಿಡಿದ ಜರಡಿ. ತೊಡಕಿರುವುದು ಓದುವವರ ಫೋನಿನಲ್ಲಲ್ಲ, ಕಳುಹಿಸುವವರ ಲೆಕ್ಕದಲ್ಲಿ. ಆ ಲೆಕ್ಕದ ಹೆಸರು 70.

ಒಂದು ಎಸ್‌ಎಂಎಸ್‌ಗೆ 140 ಬೈಟ್ ಜಾಗ. ಇಂಗ್ಲಿಷ್ ಅಕ್ಷರಕ್ಕೆ ಏಳು ಬಿಟ್ ಸಾಕು, ಹಾಗಾಗಿ 160 ಹಿಡಿಯುತ್ತವೆ. ಕನ್ನಡಕ್ಕೆ ಹದಿನಾರು ಬಿಟ್ ಬೇಕು, ಹಾಗಾಗಿ 70. ಅದೂ ನಾವು ಎಣಿಸುವ ಅಕ್ಷರವಲ್ಲ. ಕಾಗುಣಿತದ ಕೊಂಬು, ಸೊನ್ನೆ, ಒತ್ತಿಗೆ ಬೇಕಾದ ವಿರಾಮ ಎಲ್ಲಕ್ಕೂ ಬೇರೆ ಬೇರೆ ಜಾಗ. ‘ಮಸ್ಕಿ’ ನಮಗೆ ಎರಡಕ್ಷರ, ಯಂತ್ರಕ್ಕೆ ಐದು. ‘ಸಿಂಧನೂರು’ ಎಂಟು, ‘ಲಿಂಗಸುಗೂರು’ ಹತ್ತು. ನಡುವಿನ ಎರಡು ಖಾಲಿ ಜಾಗ ಸೇರಿಸಿ ಮೂರೂ ಊರಿನ ಹೆಸರು ಬರೆದರೆ 25. ಇಂಗ್ಲಿಷಿನಲ್ಲಿ ಬರೆದರೂ ಹೆಚ್ಚುಕಡಿಮೆ ಅಷ್ಟೇ, 26. ಆದರೆ ಅಲ್ಲಿ 160ರಲ್ಲಿ 26, ಇಲ್ಲಿ 70ರಲ್ಲಿ 25. ಮುಂದಕ್ಕೆ ‘ತುಂಗಭದ್ರಾ ಎಡದಂಡೆ ಕಾಲುವೆ’ ಎಂದು ಸೇರಿಸಿ, ಉಳಿಯುವುದು 21. ಅಷ್ಟರಲ್ಲಿ ಯಾವ ವಿತರಣಾ ಕಾಲುವೆ, ಯಾವ ದಿನ, ಎಷ್ಟು ಹೊತ್ತಿನವರೆಗೆ ಎಂದು ಬರೆದು ತೋರಿಸಿ ನೋಡೋಣ. 70 ದಾಟಿದ ಸಂದೇಶವನ್ನು 67ರ ತುಂಡುಗಳಾಗಿ ಕತ್ತರಿಸುತ್ತಾರೆ. ಓದುವವರಿಗೆ ಅದು ಒಂದೇ ಸಂದೇಶವಾಗಿ ಕಾಣಬಹುದು, ಬಿಲ್ ಮಾತ್ರ ತುಂಡಿನ ಲೆಕ್ಕದಲ್ಲಿ ಬರುತ್ತದೆ. ಇಂಗ್ಲಿಷಿನಲ್ಲಿ ಒಂದರಲ್ಲಿ ಮುಗಿಯುವ 160ರ ಒಕ್ಕಣೆ ಕನ್ನಡದಲ್ಲಿ ಅಷ್ಟೇ ಉದ್ದವಿದ್ದರೂ ಮೂರು ತುಂಡು. ಕಚೇರಿಯಲ್ಲಿ ಕುಳಿತು ಲಕ್ಷಗಟ್ಟಲೆ ಸಂದೇಶ ಕಳುಹಿಸುವವರು ಏನು ಮಾಡುತ್ತಾರೆ? ಇಂಗ್ಲಿಷಿಗೆ ಜಾರುತ್ತಾರೆ, ಇಲ್ಲವೇ ವಿವರ ಕತ್ತರಿಸಿ ‘ರೈತರು ಸಹಕರಿಸಬೇಕು’ ಎಂಬಲ್ಲಿಗೆ ನಿಲ್ಲಿಸುತ್ತಾರೆ. ಅದಕ್ಕೆ ‘ಜಿ’ ಮುದ್ರೆ ಒತ್ತಿ ಎದ್ದು ಕಾಣುವಂತೆ ಮಾಡಿದರೆ ಬಂದ ಭಾಗ್ಯವೇನು?

ಕಳುಹಿಸಿದವರು ಯಾರೆಂದು ತಿಳಿಯುವುದು ಸಣ್ಣ ಸಂಗತಿಯಲ್ಲ. ಮಸ್ಕಿಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ: ‘ದೇವಾನಾಂಪ್ರಿಯ’ ಎಂಬ ಬಿರುದಿನ ಹಿಂದಿರುವ ದೊರೆ ಅಶೋಕನೇ ಎಂಬುದು ಖಚಿತವಾದದ್ದು 1915ರಲ್ಲಿ ಇಲ್ಲಿ ಸಿ. ಬೀಡನ್ ಕಣ್ಣಿಗೆ ಬಿದ್ದ ಬಂಡೆಶಾಸನದಿಂದ. ಹೆಸರು ಸಿಕ್ಕರೆ ಅರ್ಧ ಕೆಲಸ. ಉಳಿದರ್ಧ ಒಕ್ಕಣೆ.

ಎಸ್‌ಎಂಎಸ್‌ನಲ್ಲಿ ಹಿಡಿಸದ ವಿವರ ವಾಟ್ಸ್‌ಆ್ಯಪ್‌ಗೆ ಹರಿಯುತ್ತದೆ. ಅಲ್ಲಿ ಪಿ ಇಲ್ಲ, ಜಿ ಇಲ್ಲ, ಉದ್ದಕ್ಕೆ ಮಿತಿಯ ಕಾಟವೂ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋದಾಗ ಎಡದಂಡೆಯ ಭತ್ತದ ರೈತರಿಗೆ ಬೇಕಿದ್ದುದು ಒಂದೇ ಉತ್ತರ: ನಾಟಿ ಮಾಡಿದ ಗದ್ದೆಗೆ ನೀರು ಉಳಿಯುತ್ತದೆಯೇ? ಗೇಟಿನ ಜಾಗಕ್ಕೆ ತಾತ್ಕಾಲಿಕ ಸ್ಟಾಪ್‌ಲಾಗ್ ಕೂರಿಸುವವರೆಗಿನ ಆ ವಾರದಲ್ಲಿ ಫೋನಿಗೆ ಬಂದದ್ದು ವಿಡಿಯೊಗಳ ಮಹಾಪೂರ.

ಆ್ಯಪ್‌ನಲ್ಲೇ ಕೀವರ್ಡ್ ಹಾಕಿ ಸೋಸಿಕೊಳ್ಳಿ ಎನ್ನುವವರು ಒಮ್ಮೆ ಸಿಂಧನೂರಿಗೆ ಬರಲಿ. ‘ನೀರು’ ಎಂದು ಹಾಕಿದರೆ ‘ನೀರ್ ಬಿಟ್ಟಾರ’ ಸಿಗುವುದಿಲ್ಲ. ಅದನ್ನೇ ಇಂಗ್ಲಿಷ್ ಲಿಪಿಯಲ್ಲಿ ಕುಟ್ಟಿದವರ ಮಾತು ಸಿಗುವುದಿಲ್ಲ. ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪ್‌ಗಳಲ್ಲಿ ತೆಲುಗು, ಪುನರ್ವಸತಿಯ ಆರ್‌.ಎಚ್‌. ಕ್ಯಾಂಪ್‌ಗಳಲ್ಲಿ ಬಂಗಾಳಿ, ಪೇಟೆಯಲ್ಲಿ ಉರ್ದು. ವಾಯ್ಸ್ ಮೆಸೇಜಂತೂ ಯಾವ ಕೀವರ್ಡಿಗೂ ಜಗ್ಗದು. ಇಷ್ಟೆಲ್ಲ ದಾಟಿ ಒಂದು ಸಂದೇಶ ಎದ್ದು ಕಂಡರೂ ಅದು ಯಾರ ನೀರು? ಸಿಂಧನೂರಿನದು ತುಂಗಭದ್ರೆ, ಲಿಂಗಸುಗೂರಿನದು ನಾರಾಯಣಪುರ ಬಲದಂಡೆ. ಮಸ್ಕಿಯಲ್ಲಿ ಎರಡರ ಮಾತೂ ನಡೆಯುತ್ತದೆ. 5ಎ ಕಾಲುವೆಗಾಗಿ ಪಾಮನಕಲ್ಲೂರಿನಲ್ಲಿ ಧರಣಿ ಕೂತವರು ಕೇಳಿದ್ದು ನಾರಾಯಣಪುರದ ನೀರನ್ನು. ‘ಕಾಲುವೆಗೆ ನೀರು’ ಎಂಬುದಕ್ಕೆ ಬಣ್ಣ ಹಚ್ಚಿದರೆ ಪಕ್ಕದ ತಾಲ್ಲೂಕಿನವರೂ ಮೋಟಾರಿನತ್ತ ಓಡುತ್ತಾರೆ.

ಅಡ್ಮಿನ್ ಮಾತ್ರ ಬರೆಯುವಂತೆ ಗ್ರೂಪಿಗೆ ಬೀಗ ಹಾಕಿ ಎಂಬ ಸಲಹೆ ಇನ್ನೂ ಅಪಾಯಕಾರಿ. ಗದ್ದಲ ನಿಲ್ಲುತ್ತದೆ, ನಿಜ. ಅದರ ಜತೆಗೆ ‘ಮೈಲ್ 69ರಲ್ಲಿ ಗೇಜ್ ಇಳಿದೈತಿ, ನಮ್ಮ ತೂಬಿಗೆ ಹನಿ ಬಂದಿಲ್ರೀ’ ಎನ್ನುವ ಕೆಳಭಾಗದ ರೈತನ ಬಾಯಿಗೂ ಬೀಗ ಬೀಳುತ್ತದೆ. ನೀರು ಬಿಟ್ಟೆವು ಎನ್ನುವುದು ಮೇಲಿನವರ ಸುದ್ದಿ. ಮುಟ್ಟಿತೋ ಇಲ್ಲವೋ ಎಂಬುದನ್ನು ಕೆಳಗಿನವರೇ ಹೇಳಬೇಕು, ಮತ್ತು ಎಂಜಿನಿಯರ್ ಓದಲೇಬೇಕಾದ ಸಂದೇಶ ಅದು.

ಹಾಗಾದರೆ ಟ್ರಾಯ್ ಮಾಡಬೇಕಾದ್ದೇನು? ಜಿ ಬಾಲದ ಸಂದೇಶ ಭಾರತೀಯ ಭಾಷೆಯಲ್ಲಿದ್ದರೆ ಮೂರು ತುಂಡಿನವರೆಗೂ ಒಂದೇ ಎಂದು ಲೆಕ್ಕ ಹಿಡಿಯಬೇಕು. ದರದ ಮಾತು ಬಂದಾಗ ಕಂಪನಿಗಳು ಗೊಣಗುತ್ತವೆ, ಗೊಣಗಲಿ. ಇಂಗ್ಲಿಷಿಗೆ ಸಿಗುವ 160ರ ಜಾಗವನ್ನೇ ಕನ್ನಡಕ್ಕೂ ಅದೇ ಬೆಲೆಗೆ ಕೇಳುತ್ತಿದ್ದೇವೆ, ಹೆಚ್ಚೇನಲ್ಲ. ನೀರಾವರಿ ಇಲಾಖೆಯ ಕೆಲಸ ಇನ್ನೂ ಸುಲಭ. ಹೇಗಿದ್ದರೂ ಒಕ್ಕಣೆಯ ಮಾದರಿಯನ್ನು ಮೊದಲೇ ನೋಂದಾಯಿಸಬೇಕು. ಅದರಲ್ಲಿ ವಿತರಣಾ ಕಾಲುವೆಯ ಸಂಖ್ಯೆ ಮೊದಲ ಪದವಾಗಿರಲಿ, ತಾರೀಖು ಎರಡನೆಯದು, ಗೇಜ್ ಮೂರನೆಯದು. ‘ಸಹಕರಿಸಬೇಕು’ ಕೊನೆಗೆ ಬರಲಿ, ಜಾಗ ಉಳಿದರೆ.