ಮಾಡಿದವನೇ ಮಾರಿದರೆ ತಪ್ಪೇನು?



ನಮ್ಮ ಲೈನು ಮನೆಗಳ ಹುಡುಗರು ಕೆಲವರು ಬೆಂಗಳೂರಿಗೆ ಹೋಗಿ ಹೋಟೆಲು ಕೆಲಸಕ್ಕೆ ಸೇರಿದ್ದಾರೆ. ಅಲ್ಲಿ 2010ರ ಈಚೆಗೆ ಹೊಸ ಬಗೆಯ ಅಂಗಡಿಗಳು ಎದ್ದಿವೆ. ಬಿಯರನ್ನು ಅಲ್ಲೇ ತಯಾರಿಸುತ್ತಾರೆ, ಅಲ್ಲೇ ಲೋಟಕ್ಕೆ ಸುರಿದು ಮಾರುತ್ತಾರೆ. ಹಬ್ಬಕ್ಕೆ ಊರಿಗೆ ಬಂದ ಒಬ್ಬ ಹುಡುಗ ನಮ್ಮ ಕೂಟದಲ್ಲಿ ಎದ್ದು ನಿಂತು ಕೇಳಿದ: "ಅಣ್ಣಾ, ರೊಟ್ಟಿ ಸುಟ್ಟವನು ರೊಟ್ಟಿ ಮಾರುತ್ತಾನೆ. ಬಿಯರು ಮಾಡಿದವನು ಬಿಯರು ಮಾರಿದರೆ ತಪ್ಪೇನು? ಅಮೆರಿಕದಲ್ಲೂ ಈಗ ಹಾಗೇ ಅಂತೆ."

ಕುಡಿತ ಕೆಟ್ಟದ್ದು, ಸುಮ್ಮನೆ ಕೂತುಕೋ ಎಂದು ಅವನ ಬಾಯಿ ಮುಚ್ಚಿಸಬಹುದಿತ್ತು. ಅದು ಉತ್ತರವಾಗುತ್ತಿರಲಿಲ್ಲ. ಅಮೆರಿಕದ ಮಾತನ್ನು ಅವನೇ ಎತ್ತಿದ್ದರಿಂದ ಅಲ್ಲಿಂದಲೇ ಹೊರಡೋಣ.

ನೂರು ವರ್ಷಕ್ಕೂ ಹಿಂದೆ ಆ ದೇಶದಲ್ಲಿ ಮಾಡಿದವನೇ ಮಾರುತ್ತಿದ್ದ. ಸಲೂನು ಎಂದು ಕರೆಯುವ ಬಹಳಷ್ಟು ಹೆಂಡದಂಗಡಿಗಳು ಬಿಯರ್ ಕಾರ್ಖಾನೆಗಳ ಹಿಡಿತದಲ್ಲಿದ್ದವು. ಲೈಸೆನ್ಸಿನ ಹಣ, ಮೇಜು, ಕನ್ನಡಿ, ಸಾಲ ಎಲ್ಲವನ್ನೂ ಕಾರ್ಖಾನೆಯವನು ಕೊಡುತ್ತಿದ್ದ. ಅದಕ್ಕೆ ಬದಲಾಗಿ ಅಂಗಡಿಯವನು ಅವನ ಬಿಯರನ್ನೇ ಮಾರಬೇಕು, ಹೆಚ್ಚು ಹೆಚ್ಚು ಮಾರಬೇಕು. ಹಾಗಾಗಿ ಮಧ್ಯಾಹ್ನದ ಊಟ ಉಚಿತ. ಆದರೆ ಬಾಯಾರಿಕೆ ಏಳಲೆಂದು ಊಟದ ತುಂಬ ಉಪ್ಪು. ಕೂಲಿಯ ಚೆಕ್ಕನ್ನು ಒಡೆಸಿಕೊಡುವ ಜಾಗವೂ ಅದೇ. ಚೆಕ್ಕು ಒಡೆಸಿ, ಒಂದು ಲೋಟವೂ ಕುಡಿಯದೆ ಎದ್ದು ಬರುವ ಧೈರ್ಯ ಎಷ್ಟು ಜನಕ್ಕಿತ್ತು? ಹೆಂಗಸರ, ಸಭೆಗಳ ಸಿಟ್ಟು ಉಕ್ಕಿ 1920ರ ಜನವರಿಯಲ್ಲಿ ದೇಶಕ್ಕೆಲ್ಲ ಪಾನನಿಷೇಧ ಬಂತು. 1933ರ ಡಿಸೆಂಬರಿನಲ್ಲಿ ಅದು ರದ್ದಾದಾಗ ಹಳೆಯ ಪಾಠ ಮರೆಯದೆ ಹೆಚ್ಚಿನ ರಾಜ್ಯಗಳು ನಡುವೆ ಗೋಡೆ ಕಟ್ಟಿದವು. ಮಾಡುವವನು ಒಬ್ಬ, ಸಗಟು ವ್ಯಾಪಾರಿ ಇನ್ನೊಬ್ಬ, ಲೋಟಕ್ಕೆ ಸುರಿಯುವವನು ಮತ್ತೊಬ್ಬ.

ಈ ಗೋಡೆ ಯಾಕೆ ಬೇಕಾಯಿತೆಂದು ಬೇರೆ ದೇಶಗಳ ದುಡಿಯುವ ಜನರೂ ಬಲ್ಲರು. ಲಂಡನ್ನಿನ ಥೇಮ್ಸ್ ನದಿಯಲ್ಲಿ ಹಡಗಿನಿಂದ ಕಲ್ಲಿದ್ದಲು ಇಳಿಸುವವರಿಗೆ ಕೆಲಸ ಹಂಚುತ್ತಿದ್ದವರು ಹೆಂಡದಂಗಡಿಯವರೇ. ಅವರಲ್ಲಿ ಹೆಚ್ಚು ಕುಡಿದವನಿಗೆ ಮೊದಲು ಕೆಲಸ. 1843ರಲ್ಲಿ ಕಾನೂನು ಮಾಡಿ, ಕೆಲಸ ಹಂಚಲು ಬೇರೆ ಕಚೇರಿ ತೆರೆಯಬೇಕಾಯಿತು. ಅಂಗಡಿಯೊಳಗೆ ಕೂಲಿ ಬಟವಾಡೆ ಮಾಡಬಾರದೆಂದು 1883ರಲ್ಲಿ ಬ್ರಿಟನ್ನಿನಲ್ಲಿ ಇನ್ನೊಂದು ಕಾನೂನು ಬಂತು. ದಕ್ಷಿಣ ಆಫ್ರಿಕದ ದ್ರಾಕ್ಷಿ ತೋಟಗಳಲ್ಲಂತೂ ಧಣಿ ತಾನು ಮಾಡಿದ ದ್ರಾಕ್ಷಾರಸವನ್ನೇ ಕೂಲಿಯ ಭಾಗವಾಗಿ ಅಳೆದು ಕೊಡುತ್ತಿದ್ದ. ಕಾನೂನು ಬೇಡವೆಂದ ಎಷ್ಟೋ ವರ್ಷಗಳ ಮೇಲೂ ಕೆಲವು ತೋಟಗಳಲ್ಲಿ ಅದು ನಿಲ್ಲಲಿಲ್ಲ. ಬಸಿರಲ್ಲಿದ್ದಾಗಲೇ ತಾಯಿಯ ಕುಡಿತದಿಂದ ಹಾನಿಗೊಂಡ ಮಕ್ಕಳು ಲೋಕದಲ್ಲೇ ಅತಿ ಹೆಚ್ಚಾಗಿ ಕಂಡುಬಂದ ಸೀಮೆಗಳಲ್ಲಿ ಅದೂ ಒಂದು. ಅವರೂ ನಮ್ಮಂತೆ ತೋಟದ ಜನ ಎಂಬುದನ್ನು ಮರೆಯಬೇಡಿ.

ಹಾಗಾದರೆ ಅಮೆರಿಕದವರು ಈಗ ಗೋಡೆಯಲ್ಲಿ ಬಾಗಿಲು ಕೊರೆದದ್ದೇಕೆ? ಅದಕ್ಕೂ ನ್ಯಾಯವಾದ ಕಾರಣವಿದೆ. ಸಣ್ಣ ಬಿಯರ್ ತಯಾರಕನು ತನ್ನ ಸರಕನ್ನೆಲ್ಲ ಸಗಟು ವ್ಯಾಪಾರಿಯ ಕೈಯಿಂದಲೇ ಮಾರಬೇಕಾಗಿತ್ತು. ವ್ಯಾಪಾರಿ ಎತ್ತಿದರೆ ಉಂಟು, ಬಿಟ್ಟರೆ ಇಲ್ಲ. ಕೋಟಗಿರಿಯ ಸಣ್ಣ ಬೆಳೆಗಾರ ಹಸಿರೆಲೆಯ ಮೂಟೆ ಹೊತ್ತು ಫ್ಯಾಕ್ಟರಿಯ ಮುಂದೆ ನಿಂತು, ಅವರು ಹೇಳಿದ ದರಕ್ಕೆ ತಲೆಯಾಡಿಸುವ ಹಾಗೆಯೇ. 2011ರಲ್ಲಿ ಮಿನ್ನೆಸೋಟ ರಾಜ್ಯವು ಬಿಯರ್ ಕಾರ್ಖಾನೆಯ ಆವರಣದಲ್ಲೇ ಪೂರ್ತಿ ಪೈಂಟು ಸುರಿದು ಮಾರಲು ಬಿಟ್ಟಿತು. 2013ರಲ್ಲಿ ದಕ್ಷಿಣ ಕೆರೊಲಿನ ಬಿಟ್ಟಿತು. ಆದರೆ ಒಬ್ಬನಿಗೆ ದಿನಕ್ಕೆ 48 ಔನ್ಸು, ಅಂದರೆ ಮೂರು ಪೈಂಟು, ಸುಮಾರು 1.4 ಲೀಟರು ಎಂದು ಮಿತಿ ಹಾಕಿತು. ಜಾರ್ಜಿಯದಲ್ಲಿ ಕಾರ್ಖಾನೆ ನೋಡಲು ಟಿಕೆಟು ಮಾರಿ, ಬಿಯರು ಮಾತ್ರ ಉಚಿತ ಎಂಬ ನಾಟಕ ನಡೆಯುತ್ತಿತ್ತು. 2017ರ ಸೆಪ್ಟೆಂಬರ್ 1ರಿಂದ ಅದು ಮುಗಿದು, ವರ್ಷಕ್ಕೆ 3,000 ಬ್ಯಾರೆಲಿನ ಮಿತಿಯೊಳಗೆ ನೇರ ಮಾರಾಟಕ್ಕೆ ಒಪ್ಪಿಗೆ ಸಿಕ್ಕಿತು.

ಸಣ್ಣವನಿಗೆ ಸಿಕ್ಕ ಈ ನ್ಯಾಯಕ್ಕೆ ನಾವು ಹೊಟ್ಟೆಕಿಚ್ಚು ಪಡುವುದಿಲ್ಲ. ಆದರೆ ಆ ಬಾಗಿಲಿನಿಂದ ಒಳಗೆ ಬಂದವರು ಸಣ್ಣವರು ಮಾತ್ರವೇ? ಶಿಕಾಗೋದ ಗೂಸ್ ಐಲೆಂಡ್ ಎಂಬ ಹೆಸರಾಂತ ಸಣ್ಣ ಕಾರ್ಖಾನೆಯನ್ನು 2011ರಲ್ಲಿ ದೊಡ್ಡ ಕಂಪೆನಿಯಾದ ಆನ್‌ಹೈಸರ್-ಬುಷ್ ಕೊಂಡಿತು. 2017ರಲ್ಲಿ ಉತ್ತರ ಕೆರೊಲಿನದ ವಿಕೆಡ್ ವೀಡ್ ಕೂಡ ಅದೇ ಬಳಗದ ಪಾಲಾಯಿತು. ಬೋರ್ಡು ಹಳೆಯದೇ, ಧಣಿ ಬೇರೆ.

ಇನ್ನು ಆ ಹುಡುಗನಿಗೆ ನಮ್ಮ ಪ್ರಶ್ನೆ. ತಮ್ಮಾ, "ಮಾಡಿದವನು" ಅಂದೆಯಲ್ಲ, ಮಾಡಿದವನು ಯಾರು? ಈ ಬೆಟ್ಟದ ಚಹಾ ಮಾಡಿದವರು ಯಾರು? ಬಂಗಲೆಯಲ್ಲಿರುವ ದೊರೆಯೇ, ಮಳೆಯಲ್ಲಿ ನೆನೆಯುತ್ತ ಎಲೆ ಕಿತ್ತ ನಿನ್ನ ಅವ್ವನೇ? ಬಿಯರೂ ಹಾಗೆಯೇ. ಧಾನ್ಯದ ಮೂಟೆ ಎತ್ತುವವನು, ಕುದಿಯುವ ಹಂಡೆಯ ಬಳಿ ನಿಲ್ಲುವವನು, ಲೋಟ ತೊಳೆಯುವವನು, ರಾತ್ರಿ ಬಾಗಿಲು ಮುಚ್ಚುವ ತನಕ ಸುರಿಯುವ ನೀನು, ಇವರು ಮಾಡಿದವರು. ಮಾರಿ ಲಾಭ ಎಣಿಸುವವನು ಬೇರೆ. ಸ್ಯಾನ್ ಫ್ರಾನ್ಸಿಸ್ಕೋದ ಆ್ಯಂಕರ್ ಎಂಬ ಹಳೆಯ ಬಿಯರ್ ಕಾರ್ಖಾನೆಯ ಕೆಲಸಗಾರರು ಇದನ್ನು ಅರಿತು 2019ರಲ್ಲಿ ಸಂಘ ಕಟ್ಟಿದರು. ಅಲ್ಲಿನ ಬಿಯರು ಸುರಿಯುವ ಕೋಣೆಯವರೂ ಸೇರಿದರು. 2023ರಲ್ಲಿ ಒಡೆಯರಾದ ಸಪ್ಪೋರೋ ಕಂಪೆನಿಯವರು ಕಾರ್ಖಾನೆಯನ್ನೇ ಮುಚ್ಚಲು ಹೊರಟಾಗ, ನಾವೇ ಕೊಂಡು ಸಹಕಾರಿಯಾಗಿ ನಡೆಸುತ್ತೇವೆಂದು ಅವರು ಮುಂದೆ ಬಂದರು. ಅದು ಅವರ ಕೈಗೆ ಬರಲಿಲ್ಲ. ಮಾಡಿದವನೇ ಮಾರಲಿ ಎಂದು ಸಾರಿದವರು ಆಗ ಎಲ್ಲಿದ್ದರು?

ಆದುದರಿಂದ ನಾವು ಹೇಳುವುದು ಇಷ್ಟು. ಬಾಗಿಲು ತೆರೆಯುವುದಾದರೆ ಸಣ್ಣವನಿಗೆ ಮಾತ್ರ ತೆರೆಯಲಿ, ಬೋರ್ಡು ನೋಡದೆ ಒಡೆಯ ಯಾರೆಂದು ನೋಡಲಿ. ಎಷ್ಟು ಸುರಿಯಬೇಕೆಂಬುದಕ್ಕೆ ಅಳತೆ ಇರಲಿ. ಸುರಿಯುವ ಕೈಗೆ ಗಿರಾಕಿಯ ಟಿಪ್ಸಲ್ಲ, ನ್ಯಾಯವಾದ ಸಂಬಳ ಬರಲಿ. ಕೂಲಿ ಕೊಡುವ ಕೈ ಮತ್ತು ಕುಡಿಸುವ ಕೈ ಎಂದೂ ಒಂದಾಗದಿರಲಿ.

ಗೋಡೆಯೊಂದೇ ನಮ್ಮನ್ನು ಕಾಯುತ್ತದೆಂದು ನಂಬಿ ಕೂರುವುದೂ ಬೇಡ. ತಮಿಳುನಾಡಿನಲ್ಲಿ 2003ರಿಂದ ಮಾಡುವವನು ಖಾಸಗಿಯವನು, ಅಂಗಡಿ ಸರಕಾರದ್ದು. ಗೋಡೆ ಇದೆ, ಆದರೂ ಬಟವಾಡೆಯ ಸಂಜೆ ಟಾಸ್ಮಾಕ್ ಮುಂದಿನ ಸಾಲಿನಲ್ಲಿ ನಮ್ಮವರೇ ನಿಂತಿದ್ದಾರೆ. ಹಾಗಾಗಿ ಮುಂದಿನ ಬಟವಾಡೆಯ ದಿನ ಪ್ರತಿ ಲೈನಿನವರು ಗುಂಪಾಗಿ ಮನೆಗೆ ನಡೆದು ಬನ್ನಿ. ಮೊದಲು ಅಕ್ಕಿಯ ಬಾಕಿ, ಮಕ್ಕಳ ಸ್ಕೂಲಿನ ಖರ್ಚು ತೆಗೆದಿಡಿ. ಬೆಂಗಳೂರಿನ ಹುಡುಗರೇ, ನೀವು ಅಲ್ಲಿ ಸಂಘ ಕಟ್ಟಿ. ಮುಂದಿನ ಹಬ್ಬಕ್ಕೆ ಬಂದಾಗ ಅದರ ಸುದ್ದಿಯನ್ನು ಕೂಟದಲ್ಲಿ ಹೇಳಿ; ನಾವು ಕೇಳಲು ಕಾದಿರುತ್ತೇವೆ.